ಜಾರ್ಜ್ ಅಲಗಯ್ಯ: ಸಂಜೆ ಆರರ ವಾರ್ತೆಯ ಪರಿಚಿತ ಮುಖ

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಜಾರ್ಜ್ ಅಲಗಯ್ಯ ಅವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸಂಜೆ ಆರಕ್ಕೆ ಬಿಬಿಸಿ ಒನ್ ಹಾಕಿದರೆ ಕಾಣುತ್ತಿದ್ದ ಸೌಮ್ಯ ಮುಖ ಅವರದು. ಹೆಸರಿನ ಕೊನೆಯ 'ಅಯ್ಯ'ವಂತೂ ನಮ್ಮ ಕಿವಿಗೆ ಬಹಳ ಹತ್ತಿರದ್ದು!

ಅವರು ಹುಟ್ಟಿದ್ದು 1955ರ ನವೆಂಬರ್ 22ರಂದು ಕೊಲಂಬೊದಲ್ಲಿ, ತಮಿಳು ಕ್ರೈಸ್ತ ಕುಟುಂಬದಲ್ಲಿ. ತಂದೆ ಇಂಜಿನಿಯರ್. ಸಿಂಹಳ-ತಮಿಳರ ನಡುವೆ ವೈಮನಸ್ಯ ಬೆಳೆದಾಗ, 1961ರಲ್ಲಿ ಸಂಸಾರ ಘಾನಾ ದೇಶಕ್ಕೆ ಹೊರಟಿತು. 11ನೇ ವಯಸ್ಸಿನಲ್ಲಿ ಹುಡುಗನನ್ನು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ವಸತಿ ಶಾಲೆಗೆ ಸೇರಿಸಿದರು. ಅಲ್ಲಿಂದ ಡರ್ಹಾಮ್ ವಿಶ್ವವಿದ್ಯಾಲಯ, ನಂತರ 'ಸೌತ್' ಪತ್ರಿಕೆ. 1989ರಲ್ಲಿ ಬಿಬಿಸಿ ಸೇರಿದರು.

ವಾರ್ತೆ ಓದುವ ಕುರ್ಚಿಗೆ ಬರುವ ಮುನ್ನ ಅವರು ವರ್ಷಗಟ್ಟಲೆ ತಿರುಗಿದ್ದು ಆಫ್ರಿಕಾದಲ್ಲಿ. ಜೋಹಾನ್ಸ್‌ಬರ್ಗ್‌ನಲ್ಲಿದ್ದು ವರದಿ ಮಾಡಿದರು. ರುವಾಂಡಾದ ನರಮೇಧವನ್ನು ಜಗತ್ತಿಗೆ ತಿಳಿಸಿದವರಲ್ಲಿ ಅವರೂ ಒಬ್ಬರು. 1991ರ ಕೊನೆಯಲ್ಲಿ ಸೊಮಾಲಿಯಾದ ಹಳ್ಳಿಯೊಂದರಲ್ಲಿ ನಡೆದ ಘಟನೆ ಅವರ 'ಎ ಪ್ಯಾಸೇಜ್ ಟು ಆಫ್ರಿಕಾ' (2001) ಪುಸ್ತಕದಲ್ಲಿದೆ. ಹಸಿವಿನ ಚಿತ್ರಗಳನ್ನು ಹುಡುಕುತ್ತ ಹೋದ ಇವರನ್ನು ನೋಡಿ ಬಡಕಲಾದ ಒಬ್ಬಾತ ನಸುನಕ್ಕ. ಯಾಕೆಂದು ವಿಚಾರಿಸಿದಾಗ ಗೊತ್ತಾದದ್ದು, ಅದು ಸಂತೋಷದ ನಗೆಯಲ್ಲ, ತಾನು ಇಂಥ ಸ್ಥಿತಿಯಲ್ಲಿ ಪರರ ಕಣ್ಣಿಗೆ ಬಿದ್ದೆನಲ್ಲಾ ಎಂಬ ಸಂಕೋಚ. ನೋಡುವವನು ಯಾರು, ನೋಡಿಸಿಕೊಳ್ಳುವವನು ಯಾರು ಎಂಬ ಪ್ರಶ್ನೆ ಪತ್ರಕರ್ತನ ಮುಂದೆ ನಿಂತಿತು. ಆತನ ಹೆಸರು ಕೇಳಿಕೊಳ್ಳಲಿಲ್ಲವೆಂಬ ಕೊರಗು ಅವರಿಗೆ ಉಳಿಯಿತು. ಐಜಿಸಿಎಸ್‌ಇ ಇಂಗ್ಲಿಷ್ ಪಠ್ಯದಲ್ಲಿ ಈ ಭಾಗವನ್ನು ಓದಿದ ಮಕ್ಕಳು ನಮ್ಮಲ್ಲೂ ಇದ್ದಾರೆ. ಒಮ್ಮೆ ಅವರನ್ನೇ ಕೇಳಿ ನೋಡಿ.

2003ರಲ್ಲಿ ಸೋಫಿ ರಾವರ್ತ್ ಅವರೊಡನೆ ಆರು ಗಂಟೆಯ ವಾರ್ತೆ ಆರಂಭಿಸಿದರು. 2007ರ ಕೊನೆಯಿಂದ ಅದರ ಮುಖ್ಯ ನಿರೂಪಕರಾದರು. 2004ರ ಸುನಾಮಿಯ ನಂತರ ಶ್ರೀಲಂಕಾಕ್ಕೆ ಹೋದಾಗ ಅಜ್ಜನ ಮನೆ ನೆಲಸಮವಾಗಿತ್ತು. ಬಾಲ್ಯದಲ್ಲಿ ಅಕ್ಕತಂಗಿಯರೊಡನೆ ಆಡಿದ್ದ ಬಾವಿ ಮಾತ್ರ ಗುರುತು ಸಿಕ್ಕಿತು. 2008ರಲ್ಲಿ ಓಬಿಇ ಗೌರವ ದೊರೆಯಿತು.

2014ರ ಏಪ್ರಿಲ್‌ನಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು, ಅದೂ ನಾಲ್ಕನೇ ಹಂತದಲ್ಲಿ. ಆಗ ಅವರಿಗೆ 58 ವರ್ಷ. ಸ್ಕಾಟ್ಲೆಂಡಿನಲ್ಲಿ 50 ತುಂಬಿದವರಿಗೆ ತಪಾಸಣೆ ಇತ್ತು, ಇಂಗ್ಲೆಂಡಿನಲ್ಲಿ 60ರವರೆಗೆ ಕಾಯಬೇಕಿತ್ತು. ಗಡಿಯ ಆಚೆ ಇದ್ದಿದ್ದರೆ ತಮ್ಮ ರೋಗ ಬೇಗ ಸಿಕ್ಕುತ್ತಿತ್ತೇನೋ ಎಂದು ಅವರು ಬಹಿರಂಗವಾಗಿಯೇ ಹೇಳಿ, ವಯೋಮಿತಿ ಇಳಿಸಲು ಒತ್ತಾಯಿಸಿದರು. ಚಿಕಿತ್ಸೆಯ ನಡುವೆಯೂ ಮತ್ತೆ ಮತ್ತೆ ವಾರ್ತೆಗೆ ಮರಳಿದರು. 2019ರಲ್ಲಿ 'ದಿ ಬರ್ನಿಂಗ್ ಲ್ಯಾಂಡ್' ಕಾದಂಬರಿಯನ್ನೂ ಪ್ರಕಟಿಸಿದರು. 2023ರ ಜುಲೈ 24ರಂದು, 67ನೇ ವಯಸ್ಸಿನಲ್ಲಿ, ನಿಧನರಾದರು.

ಇಂಗ್ಲೆಂಡಿನಲ್ಲಿ 2021ರಿಂದ ತಪಾಸಣೆಯ ವಯಸ್ಸನ್ನು ಹಂತ ಹಂತವಾಗಿ 50ಕ್ಕೆ ಇಳಿಸಲಾಯಿತು. ಮಲಪರೀಕ್ಷೆಯ ಕಿಟ್ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ನಾಚಿಕೆಯಿಂದ ಕಪಾಟಿನಲ್ಲಿಟ್ಟು ಮರೆಯುವವರು ಕಡಿಮೆಯೇನಿಲ್ಲ. ಅದು ಬರುವುದು ಜಿಪಿ ಬಳಿ ನೋಂದಾಯಿಸಿರುವ ವಿಳಾಸಕ್ಕೆ. ಈಚೆಗೆ ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ಅಲ್ಲಿಗೆ ತಿಳಿಸಿರಿ.