ಕುಲುಮೆಯ ತಿದಿ ಮತ್ತು ಕಾರಿನ ಸೂಪರ್‌ಚಾರ್ಜರ್

ತೆಕ್ಕಲಕೋಟೆಯಲ್ಲಿ ನನ್ನ ಬಳಿ ಓದಿದ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದಲ್ಲಿದ್ದಾನೆ. ಕಳೆದ ತಿಂಗಳು ದೂರವಾಣಿಯಲ್ಲಿ, "ಸರ್, ನನ್ನ ಕಾರಿನ ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಸುತ್ತಿದ್ದೇನೆ, ಶಕ್ತಿ ಇನ್ನೂ ಹೆಚ್ಚುತ್ತದೆ" ಎಂದ. "ಉಳಿದ ಭಾಗಗಳನ್ನು ಬಲಪಡಿಸಿರುವೆಯಾ?" ಎಂದು ಕೇಳಿದೆ. ಸುಮ್ಮನಾದ. ಅಂದು ಅವನಿಗೆ ಹೇಳಿದ್ದನ್ನು ನಿಮಗೂ ಹೇಳಬೇಕೆನಿಸಿತು.

ನಮ್ಮೂರಿನ ಕುಲುಮೆಯನ್ನು ನೆನಪಿಸಿಕೊಳ್ಳಿ. ತಿದಿ ಒತ್ತಿದಂತೆಲ್ಲ ಇದ್ದಿಲು ನಿಗಿನಿಗಿ ಉರಿಯುತ್ತಿತ್ತು. ಕಮ್ಮಾರನ ಗಮನ ತಪ್ಪಿದರೆ ಕುಡುಗೋಲಿನ ಅಂಚೇ ಸುಟ್ಟು ಹಾಳಾಗುತ್ತಿತ್ತು. ಸೂಪರ್‌ಚಾರ್ಜರ್ ಎಂಬುದು ಇಂಜಿನಿನ ತಿದಿ. ಅದು ಇಂಜಿನಿನ ಬಲದಿಂದಲೇ ತಿರುಗಿ ಸಿಲಿಂಡರಿನೊಳಗೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನವನ್ನು ಹೆಚ್ಚು ಉರಿಸಬಹುದು.

ಈ ಹೋಲಿಕೆಗೆ ಇತಿಹಾಸದ ಆಧಾರವೂ ಉಂಟು. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಹಕ್ಕುಪತ್ರ ಪಡೆದ ಗಾಳಿಯಂತ್ರವು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಿತು. ಅದೇ ಬಗೆಯ ಯಂತ್ರ ಮುಂದೆ ಮೋಟಾರಿಗೆ ಬಂದಿತು. 1921ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಸಂಸ್ಥೆ ಸೂಪರ್‌ಚಾರ್ಜರ್ ಇದ್ದ ಕಾರುಗಳನ್ನು ಮಾರಾಟಕ್ಕಿಟ್ಟಿತು.

ಇಂಗ್ಲೆಂಡಿನ ಬೆಂಟ್ಲಿ ಕಾರಿನ ಕಥೆ ಇನ್ನೂ ಬೋಧಪ್ರದ. ನಾಲ್ಕೂವರೆ ಲೀಟರಿನ ಆ ಇಂಜಿನಿನಿಂದ ಸುಮಾರು 110 ಅಶ್ವಶಕ್ತಿ ದೊರೆಯುತ್ತಿತ್ತು. ಬರ್ಕಿನ್ ಎಂಬ ಸ್ಪರ್ಧಾಳುವಿನ ಒತ್ತಾಯದಿಂದ ಅಮ್ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರನ್ನು 1929ರಲ್ಲಿ ಅದಕ್ಕೆ ಜೋಡಿಸಿದಾಗ ಅದು 175ಕ್ಕೆ ಏರಿತು. ಕಾರಿನ ನಿರ್ಮಾತೃ ಡಬ್ಲ್ಯು. ಓ. ಬೆಂಟ್ಲಿಯವರಿಗೆ ಇದು ಸಮ್ಮತವಿರಲಿಲ್ಲ. ಇಂಜಿನಿನ ಗಾತ್ರವನ್ನೇ ಹಿಗ್ಗಿಸುವುದು ಅವರ ಮಾರ್ಗ. 1930ರ ಲೆ ಮಾನ್ಸ್ ಪಂದ್ಯದಲ್ಲಿ ಸೂಪರ್‌ಚಾರ್ಜರ್ ಕಾರುಗಳು ಕೊನೆ ಮುಟ್ಟಲಿಲ್ಲ. ಗೆದ್ದದ್ದು ಬೆಂಟ್ಲಿಯವರದೇ ದೊಡ್ಡ ಇಂಜಿನಿನ ಸ್ಪೀಡ್ ಸಿಕ್ಸ್.

ಹಾಗೆಂದು ತಿದಿಯೇ ತಪ್ಪೆನ್ನಲಾಗದು. 1938ರಲ್ಲಿ ರೋಲ್ಸ್ ರಾಯ್ಸ್ ಸೇರಿದ ಸ್ಟಾನ್ಲಿ ಹೂಕರ್ ಗಣಿತಜ್ಞರು. ಮರ್ಲಿನ್ ವಿಮಾನ ಇಂಜಿನಿನ ಸೂಪರ್‌ಚಾರ್ಜರಿನಲ್ಲಿ ಗಾಳಿ ಎಲ್ಲಿ ವ್ಯರ್ಥವಾಗುತ್ತಿದೆಯೆಂದು ಲೆಕ್ಕ ಹಾಕಿ, ಅದರ ದಾರಿಯನ್ನು ಮೊದಲು ತಿದ್ದಿದರು. ಬಳಿಕ ಎರಡು ಹಂತಗಳಲ್ಲಿ ಒತ್ತಿ, ಬಿಸಿಯೇರಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿಸಿದ ಮರ್ಲಿನ್ ಸಿದ್ಧವಾಯಿತು. 1942ರ ಸ್ಪಿಟ್‌ಫೈರ್ ವಿಮಾನಗಳು ಅದರಿಂದಲೇ ಎತ್ತರದಲ್ಲೂ ಬಲ ಉಳಿಸಿಕೊಂಡವು.

ನಮ್ಮ ನಾಡಿಗೂ ಈ ವಿದ್ಯೆ ಬಂದಿತು. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ದುರಸ್ತಿಗೊಳಿಸಿತು. ನಾಲ್ಕು ಇಂಜಿನುಗಳ ಆ ವಿಮಾನಗಳಲ್ಲಿ ಹೊಗೆಯ ಬಲದಿಂದ ತಿರುಗುವ ಸೂಪರ್‌ಚಾರ್ಜರುಗಳಿದ್ದವು. 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದ ಲಿಬರೇಟರುಗಳು 1968ರವರೆಗೆ ಸೇವೆಯಲ್ಲಿದ್ದವು.

ಈಗ ಆ ಚಿಕ್ಕ ಪುಲ್ಲಿಯ ವಿಚಾರ. ಪುಲ್ಲಿ ಕಿರಿದಾದರೆ ಸೂಪರ್‌ಚಾರ್ಜರ್ ವೇಗವಾಗಿ ತಿರುಗುತ್ತದೆ, ಒತ್ತಡ ಏರುತ್ತದೆ. ಜೊತೆಗೆ ಬಿಸಿಯೂ ಏರುತ್ತದೆ. ಬೆಲ್ಟ್ ಜಾರುತ್ತದೆ, ಬೇರಿಂಗ್ ಸವೆಯುತ್ತದೆ. ಇಂಧನ ಸಾಲದಿದ್ದರೆ ಅಥವಾ ಅದರ ಆಕ್ಟೇನ್ ಗುಣ ಕಡಿಮೆಯಿದ್ದರೆ ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು. ಶಕ್ತಿಯನ್ನು ಬಯಸುವವನು ಮೊದಲು ಅದನ್ನು ಹೊರುವ ಹೆಗಲನ್ನು ಸಿದ್ಧಪಡಿಸಬೇಕು.

ಮೊನ್ನೆ ಅವನಿಂದ ಮತ್ತೆ ಕರೆ ಬಂತು. ಪುಲ್ಲಿ ಇನ್ನೂ ಡಬ್ಬಿಯಲ್ಲೇ ಇದೆಯಂತೆ. ಮೊದಲು ಇಂಟರ್‌ಕೂಲರ್ ಬದಲಿಸುತ್ತಾನಂತೆ. ಪಾಠ ಹೇಳಿದ ಮುದುಕನಿಗೆ ಅಷ್ಟು ಸಾಕು.