ಕರಿ–ಬಿಳಿಯ ಚಿತ್ರವೂ ಕೆಂಪು ಕಲ್ಲೂ

ಹಳೆಯ ಗೋವೆಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ, ಬಾಂ ಜೀಸಸ್ ಬಸಿಲಿಕದ ಹಳೆಯ ಕರಿ–ಬಿಳಿ ಛಾಯಾಚಿತ್ರವೊಂದನ್ನು ತರಗತಿಯಲ್ಲಿ ತೋರಿಸಿದೆವು. ಮರುದಿನ ವಿದ್ಯಾರ್ಥಿಯೊಬ್ಬನು ಮೊಬೈಲಿನ ಸಹಾಯದಿಂದ ಅದಕ್ಕೆ ಬಣ್ಣ ತುಂಬಿಸಿ ತಂದನು. ಆಕಾಶ ನೀಲಿ, ಗೋಡೆಗಳು ಕೆಂಪು. ಅಂದವಾಗಿಯೇ ಇದ್ದಿತು. ನಾವೂ ಮೆಚ್ಚಿ ತರಗತಿಯ ಗೋಡೆಗೆ ಅಂಟಿಸಿದೆವು. ಇತಿಹಾಸ ಕಲಿಸುವ ನಮಗೆ ಅದರ ತಪ್ಪು ಹೊಳೆದುದು ಹಲವು ದಿನಗಳ ಮೇಲೆ.

ಈ ಬಸಿಲಿಕದ ಕಟ್ಟಡವು 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠಾಪನೆಗೊಂಡಿತು. ಇಂದು ಅದರ ಜಂಬಿಟ್ಟಿಗೆಯ ಗೋಡೆಗಳು ಬರಿಮೈಯಲ್ಲಿ ನಿಂತಿವೆ. ಆದರೆ ಗಾರೆಯನ್ನು ಕೆರೆದು ತೆಗೆದುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಪೋರ್ಚುಗೀಸರ ಕಾಲ ಮುಗಿಯುವ ಹೊತ್ತಿನಲ್ಲಿ. ಅದಕ್ಕೆ ಹಿಂದಿನ ಚಿತ್ರದ ಗೋಡೆಗೆ ಇಂದಿನ ಕೆಂಪನ್ನು ಬಳಿದರೆ ಅದು ಚರಿತ್ರೆಯಾಗದು.

ಇದನ್ನು ಗ್ರಂಥದ ನೆರವಿಲ್ಲದೆ ಚಿತ್ರದಿಂದಲೇ ಕಂಡುಕೊಳ್ಳಬಹುದಿತ್ತು. ಆರಂಭದ ಛಾಯಾಫಲಕಗಳು ನೀಲಿ ಬೆಳಕಿಗೆ ಬೇಗನೆ ಸ್ಪಂದಿಸುತ್ತಿದ್ದುವು. ಕೆಂಪು ಬೆಳಕಿಗೆ ಕುರುಡಾಗಿದ್ದುವು. ಆದುದರಿಂದ ನೀಲಿ ಆಕಾಶವು ಕಾಗದದಂತೆ ಬೆಳ್ಳಗೆ, ಕೆಂಪು ಕಲ್ಲು ಇದ್ದಿಲಿನಂತೆ ಕರ್ರಗೆ ಮೂಡುತ್ತಿದ್ದಿತು. ನಮ್ಮ ಚಿತ್ರದ ಗೋಡೆಗಳೋ ತಿಳಿಯಾಗಿವೆ. ಅವು ಸುಣ್ಣ–ಗಾರೆಯ ಗೋಡೆಗಳೆಂಬುದಕ್ಕೆ ಬೇರೆ ಸಾಕ್ಷಿ ಏತಕ್ಕೆ? 1873ರಲ್ಲಿ ಜರ್ಮನಿಯ ಫೋಗೆಲ್ ಎಂಬ ರಸಾಯನ ಶಾಸ್ತ್ರಜ್ಞನು ಬಣ್ಣದ ದ್ರವ್ಯ ಬೆರೆಸಿ ಫಲಕಕ್ಕೆ ಹಸಿರನ್ನೂ ಕಾಣಿಸಿದನು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದುದು 1906ರಲ್ಲಿ.

ಈ ಕುರುಡುತನವೇ ಚಿತ್ರದ ವಿನ್ಯಾಸವನ್ನು ಕಲಿಸಿತು. ಆಕಾಶದಲ್ಲಿ ಮೋಡವೇ ಮೂಡದಿರುವಾಗ ಕಟ್ಟಡದ ಅಂಚೇ ಚಿತ್ರವನ್ನು ಹೊರಬೇಕು. ನಡುಹಗಲಿನ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆಯಾಗುವುದು. ಮುಂಜಾನೆ ಓರೆಯಾಗಿ ಬೀಳುವ ಬೆಳಕಿನಲ್ಲಿ ಪ್ರತಿಯೊಂದು ಕಂಬಕ್ಕೂ ನೆಳಲಿನ ಜೊತೆ ದೊರೆಯುವುದು. ಬಣ್ಣವಿಲ್ಲದೆಡೆ ನೆಳಲೇ ಬಣ್ಣ.

ನಮ್ಮ ನಾಡಿನಲ್ಲಿ ಇದರ ಉತ್ತಮ ನಿದರ್ಶನ ಹಂಪೆಯದು. 1856ರಲ್ಲಿ ಮದ್ರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಅಲ್ಲಿನ ಅವಶೇಷಗಳನ್ನು ಮೂಡಿಸಿದನು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು; ನಡೆದಾಡುವ ಮನುಷ್ಯ ಅದರಲ್ಲಿ ಉಳಿಯಲಾರನು, ಕಲ್ಲು ಮಾತ್ರ ಉಳಿದೀತು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿದ್ದಿತು! ಇಂದು ಅದಿಲ್ಲ. ಆ ಒಂದು ಚಿತ್ರವಿಲ್ಲದಿದ್ದರೆ ರಥವು ಮೊದಲಿನಿಂದಲೂ ಬೋಳಾಗಿತ್ತೆಂದೇ ನಾವು ಮಕ್ಕಳಿಗೆ ಹೇಳುತ್ತಿದ್ದೆವು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ನೆಲೆಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಹಳೆಯದನ್ನೂ ಹೊಸದನ್ನೂ ಜೊತೆಯಲ್ಲಿಟ್ಟು ನೋಡುವುದು ಒಂದು ಪಾಠಕ್ಕೆ ಸಮ. 1866ರಲ್ಲಿ ಪ್ರಕಟವಾದ ಧಾರವಾಡ–ಮೈಸೂರು ವಾಸ್ತುಶಿಲ್ಪದ ಗ್ರಂಥದಲ್ಲಿಯೂ ಡಾಕ್ಟರ್ ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಇಂಥ ಚಿತ್ರಗಳುಂಟು.

ವಿದ್ಯಾರ್ಥಿ ತಂದ ಬಣ್ಣದ ಚಿತ್ರವನ್ನು ನಾವು ಕಿತ್ತೊಗೆಯಲಿಲ್ಲ; ಹುಡುಗನ ಮನಸ್ಸು ನೋಯುತ್ತಿದ್ದಿತು, ಮೆಚ್ಚಿದವರೂ ನಾವೇ ತಾನೆ! ಅದರ ಪಕ್ಕದಲ್ಲಿ ಮೂಲಚಿತ್ರವನ್ನು ಅಂಟಿಸಿದೆವು. ಬಣ್ಣ ತುಂಬಿದ ವರ್ಷವನ್ನು ಅವನೇ ತನ್ನ ಚಿತ್ರದ ಕೆಳಗೆ ಬರೆದನು.