ಕೊಳ್ಳೇಗಾಲ ಪ್ರದೇಶದ ರೇಷ್ಮೆ ಉದ್ಯಮದಲ್ಲಿ ಗುಣಮಟ್ಟ ನಿಯಂತ್ರಣ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಕರ್ನಾಟಕದ ಸಾಂಪ್ರದಾಯಿಕ ರೇಷ್ಮೆ ಪ್ರದೇಶಕ್ಕೆ ಸೇರಿವೆ. ಇಲ್ಲಿ ಹಿಪ್ಪುನೇರಳೆ ಬೇಸಾಯ, ಹುಳು ಸಾಕಾಣಿಕೆ, ನೂಲು ಬಿಚ್ಚಾಣಿಕೆ, ಹುರಿ ಮಾಡುವಿಕೆ ಮತ್ತು ನೇಯ್ಗೆ ಬೇರೆ ಬೇರೆ ಕುಟುಂಬಗಳ ಕಸುಬುಗಳಾಗಿವೆ. ಆದ್ದರಿಂದ ಗುಣಮಟ್ಟದ ಹೊಣೆಯೂ ಹಂಚಿಹೋಗಿದ್ದು, ಒಂದು ಹಂತದ ದೋಷದ ನಷ್ಟವನ್ನು ಮುಂದಿನ ಹಂತದವರು ಹೊರಬೇಕಾಗುತ್ತದೆ.

ಹಿನ್ನೆಲೆ

ಕೊಳ್ಳೇಗಾಲವು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲಿಯೇ ಇತ್ತು. ಕೊಳ್ಳೇಗಾಲ ಪಟ್ಟಣವು ಕೈಮಗ್ಗದ ರೇಷ್ಮೆ ಸೀರೆಗಳಿಗೆ ಹೆಸರಾಗಿದ್ದು, ದೇವಾಂಗ ಸಮುದಾಯದವರು ಇಲ್ಲಿನ ಪ್ರಮುಖ ನೇಕಾರರು. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ನೂಲು ಬಿಚ್ಚಾಣಿಕೆಗೆ ಪರಿಚಿತವಾದ ಊರು.

ಗೂಡಿನ ಹಂತ

ಗುಣಮಟ್ಟದ ಬಹುಭಾಗ ಹುಳು ಮನೆಯಲ್ಲಿಯೇ ನಿರ್ಧಾರವಾಗುತ್ತದೆ. ಸೊಪ್ಪಿನ ತೇವ, ಚಾಕಿ ಹುಳುಗಳ ಆರೈಕೆ, ಚಂದ್ರಿಕೆಯಲ್ಲಿ ಗಾಳಿಯಾಟ ಇವುಗಳಲ್ಲಿ ಯಾವುದು ಕೆಟ್ಟರೂ ಗೂಡು ತೆಳುವಾಗುತ್ತದೆ ಅಥವಾ ಕಲೆಯಾಗುತ್ತದೆ. ಊಜಿ ನೊಣದ ಹುಳು ಗೂಡನ್ನು ಕೊರೆದು ಹೊರಬಂದರೆ ಆ ಗೂಡಿನಿಂದ ಅಖಂಡ ಎಳೆ ದೊರೆಯದು. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋಗ್ರಾಂ ಗೂಡು ಬೇಕು ಎಂಬ ಲೆಕ್ಕಕ್ಕೆ ‘ರೆಂಡಿಟ್ಟ’ ಎನ್ನುತ್ತಾರೆ. ಇದು ಕಡಿಮೆಯಾದಷ್ಟೂ ಗೂಡು ಉತ್ತಮ. ದ್ವಿತಳಿ ಗೂಡುಗಳ ರೆಂಡಿಟ್ಟ ಸಾಮಾನ್ಯವಾಗಿ ಮಿಶ್ರತಳಿಗಿಂತ ಕಡಿಮೆ.

ನೂಲಿನ ಪರೀಕ್ಷೆ

ಕಚ್ಚಾ ರೇಷ್ಮೆಯ ದಪ್ಪವನ್ನು ಡೀನಿಯರ್‌ನಲ್ಲಿ ಅಳೆಯುತ್ತಾರೆ. 9000 ಮೀಟರ್ ಎಳೆಯ ಗ್ರಾಂ ತೂಕವೇ ಅದರ ಡೀನಿಯರ್. 20/22 ಡೀನಿಯರ್ ಎಂದರೆ ಅಷ್ಟು ಉದ್ದದ ನೂಲು 20ರಿಂದ 22 ಗ್ರಾಂ ತೂಗಬೇಕು. ಬೇಸಿನ್‌ನಲ್ಲಿ ಗೂಡೊಂದರ ಎಳೆ ಮುಗಿದಾಗ ಹೊಸ ಗೂಡನ್ನು ತಡವಾಗಿ ಸೇರಿಸಿದರೆ ನೂಲು ಆ ಭಾಗದಲ್ಲಿ ತೆಳುವಾಗುತ್ತದೆ. ನೂಲನ್ನು ಕಪ್ಪು ಹಲಗೆಯ ಮೇಲೆ ಸಮನಾಗಿ ಸುತ್ತಿ, ಬೆಳಕಿನಲ್ಲಿ ನೋಡಿ ಇಂತಹ ಏರುಪೇರು, ಗಂಟು ಮತ್ತು ಕಸವನ್ನು ಗುರುತಿಸಲಾಗುತ್ತದೆ. ಎಳೆಯ ಬಲ, ಹಿಗ್ಗುವಿಕೆ ಮತ್ತು ಸುತ್ತುವಾಗಿನ ತುಂಡಾಗುವಿಕೆಯನ್ನೂ ಪರೀಕ್ಷಿಸಿ ಎ, 2ಎ, 3ಎ ಮುಂತಾದ ದರ್ಜೆ ನೀಡಲಾಗುತ್ತದೆ.

ರೇಷ್ಮೆ ತೇವವನ್ನು ಹೀರುವುದರಿಂದ ತೂಕದ ಪರೀಕ್ಷೆಯೂ ಮುಖ್ಯ. ವ್ಯಾಪಾರದಲ್ಲಿ 100 ಕಿಲೋಗ್ರಾಂ ಒಣ ರೇಷ್ಮೆಗೆ 11 ಕಿಲೋಗ್ರಾಂ ತೇವವನ್ನು ಮಾನ್ಯ ಮಾಡಲಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ನೇಕಾರ ನೀರಿಗೆ ರೇಷ್ಮೆಯ ಬೆಲೆ ತೆತ್ತಂತಾಗುತ್ತದೆ.

ಮಗ್ಗದ ಹಂತ

ಹಾಸಿನ ನೂಲು ಹೊಕ್ಕಿನ ನೂಲಿಗಿಂತ ಹೆಚ್ಚು ಎಳೆತ ಮತ್ತು ಉಜ್ಜಾಟವನ್ನು ತಡೆಯಬೇಕು. ದುರ್ಬಲ ಎಳೆ ಹಾಸಿನಲ್ಲಿ ಸೇರಿದರೆ ಪದೇ ಪದೇ ತುಂಡಾಗಿ ನೇಕಾರನ ದಿನದ ದುಡಿಮೆ ಕುಗ್ಗುತ್ತದೆ. ನೂಲಿನ ಅಂಟು ತೆಗೆಯುವಾಗ ಅದರ ತೂಕದಲ್ಲಿ ಸುಮಾರು ಕಾಲು ಭಾಗದಷ್ಟು ಇಳಿಯಬಹುದು. ಈ ಕ್ರಿಯೆ ಸಮನಾಗಿ ಆಗದಿದ್ದರೆ ಬಣ್ಣವೂ ಸಮನಾಗಿ ಹಿಡಿಯುವುದಿಲ್ಲ.

ಗುರುತು ಮತ್ತು ಮಹತ್ವ

ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಜಾರಿಗೆ ತಂದ ‘ಸಿಲ್ಕ್ ಮಾರ್ಕ್’ ಬಟ್ಟೆಯು ಶುದ್ಧ ರೇಷ್ಮೆಯದೆಂದು ಕೊಳ್ಳುವವರಿಗೆ ಖಚಿತಪಡಿಸುತ್ತದೆ. ಅದು ನೇಯ್ಗೆಯ ಅಂದವನ್ನಾಗಲಿ ನೂಲಿನ ದರ್ಜೆಯನ್ನಾಗಲಿ ಸೂಚಿಸುವುದಿಲ್ಲ. ಮೋಟಾರು ವಾಹನ, ಔಷಧ ಮೊದಲಾದ ಕೈಗಾರಿಕೆಗಳ ಗುಣಮಟ್ಟ ವ್ಯವಸ್ಥಾಪಕರು ದೋಷವನ್ನು ಅದು ಹುಟ್ಟುವಲ್ಲಿಯೇ ತಡೆಯಬೇಕೆನ್ನುವ ತತ್ವವನ್ನು ಅನುಸರಿಸುತ್ತಾರೆ. ರೇಷ್ಮೆಗೂ ಅದೇ ಅನ್ವಯಿಸುತ್ತದೆ. ಕೊನೆಯ ಪರೀಕ್ಷೆ ಕೆಟ್ಟ ನೂಲನ್ನು ಬೇರ್ಪಡಿಸಬಲ್ಲದೇ ಹೊರತು ಸರಿಪಡಿಸಲಾರದು. ದರ್ಜೆಗೆ ತಕ್ಕ ಬೆಲೆ ರೈತನಿಗೂ ನೂಲು ಬಿಚ್ಚುವವರಿಗೂ ದೊರೆತಾಗ ಮಾತ್ರ ಮೊದಲ ಹಂತದ ಎಚ್ಚರಿಕೆ ಲಾಭದಾಯಕವಾಗುತ್ತದೆ.